'ಮುಂದೆ' ಒತ್ತಿದರೆ ಎಲ್ಲಿಗೆ?

ನಮ್ಮ ಕಡೆಯ ಹವ್ಯಾಸಿಯೊಬ್ಬರ ವೆಬ್‌ಸೈಟಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಫೋಟೋಗಳಿವೆ. ಫೋಟೋ ಮಸ್ತ್ ಅದಾವ. ಹುಡುಕೋದು ಮಾತ್ರ ಭಾಳ ತ್ರಾಸು. ಎಲ್ಲವೂ ಕ್ಯಾಮೆರಾ ಕೊಟ್ಟ ನಂಬರಿನ ಪ್ರಕಾರ ಸಾಲಾಗಿ ನಿಂತಿವೆ. ಬನಹಟ್ಟಿಯ ಮಗ್ಗ ನೋಡುತ್ತಾ 'ಮುಂದೆ' ಒತ್ತಿದರೆ ಮುಧೋಳದ ಬೇಟೆನಾಯಿ ಬರುತ್ತದೆ. 'ಹಿಂದೆ' ಒತ್ತಿದರೆ ಸೀದಾ ಮೊದಲ ಪುಟ.

ಡಿಸೈನಿನ ಸಣ್ಣ ತಕರಾರು ಅಂತ ಬಿಡೋ ಹಂಗಿಲ್ಲ. ಜಮಖಂಡಿ ಹತ್ತಿರದ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಕೆಳಗೆ ಊರು, ವರ್ಷ, ಎರಡು ಸಾಲು ಕನ್ನಡ ಇಲ್ಲದಿದ್ದರೆ ಆ ಚಿತ್ರ ನೋಡುವವರಿಗೆ ಒಂದಿಷ್ಟು ನೀರು, ಒಂದಿಷ್ಟು ಕಾಂಕ್ರೀಟು. ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿವೆ. ಅಲ್ಲಿಂದ ಎದ್ದುಬಂದವರ ಮಕ್ಕಳು ಬೆಂಗಳೂರಿನಲ್ಲಿ ಕೂತು ಹುಡುಕುವುದು ಊರಿನ ಹೆಸರನ್ನು. ಫೈಲ್ ನಂಬರು ಅವರಿಗೇನು ಗೊತ್ತು?

ಮಾಡಬೇಕಾದ್ದು ದೊಡ್ಡದೇನಿಲ್ಲ. ಊರಿಗೊಂದು ಪುಟ, ಅದರೊಳಗೆ ಮಗ್ಗ, ನದಿ, ಗುಡಿ ಅಂತ ವಿಂಗಡಣೆ. 'ಮುಂದೆ' ಅಂದರೆ ಅದೇ ವಿಷಯದ ಮುಂದಿನ ಚಿತ್ರ, 'ಹಿಂದೆ' ಅಂದರೆ ನಾವು ಬಿಟ್ಟ ಜಾಗ. ಪ್ರತಿ ಫೋಟೋಗೂ ಸ್ವಂತ ಲಿಂಕ್ ಇರಲಿ. ಅದನ್ನು ವಾಟ್ಸಾಪಿನಲ್ಲಿ ಅವ್ವಗ ಕಳಿಸಿದರೆ, "ಇದು ನಮ್ಮ ಓಣಿ ಅಲ್ಲೇನೋ?" ಅಂತ ಆಕೆ ಕೇಳುವಂತಿರಬೇಕು.