ಉದ್ದೇಶಪತ್ರದ ‘ನಾನು’: ಗಡಿನಾಡಿನ ಪ್ರವೇಶಾರ್ಜಿಯೊಂದರ ಓದು

ಅರ್ಜಿಯನ್ನು ನಾವು ಸಾಹಿತ್ಯವೆಂದು ಓದುವುದಿಲ್ಲ. ಆದರೆ ಸ್ನಾತಕೋತ್ತರ ಹಾಗೂ ಸಂಶೋಧನ ಪ್ರವೇಶಕ್ಕಾಗಿ ಬರೆಯುವ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’, ಅಂದರೆ ಉದ್ದೇಶಪತ್ರ, ನಮ್ಮ ತಲೆಮಾರಿನ ಅನೇಕರು ಬರೆದ ಮೊದಲ ಆತ್ಮಕಥನವಾಗಿದೆ. ಅದಕ್ಕೊಬ್ಬ ನಿರೂಪಕನಿದ್ದಾನೆ, ಒಂದು ಕಥಾಸೂತ್ರವಿದೆ, ಮುಖ ಕಾಣದ ಒಬ್ಬ ಓದುಗನೂ ಇದ್ದಾನೆ. ಹೀಗಿರುವಾಗ ಅದನ್ನು ವಿಮರ್ಶೆಯ ಪರಿಧಿಯಿಂದ ಹೊರಗಿಡಲು ಕಾರಣವಿಲ್ಲ. ಅನಂತಪುರ ಜಿಲ್ಲೆಯ ಬೆಳುಗುಪ್ಪದಿಂದ ತೌಲನಿಕ ಸಾಹಿತ್ಯದ ವ್ಯಾಸಂಗಕ್ಕೆಂದು ನಾನೇ ಬರೆದ ಹಳೆಯ ಉದ್ದೇಶಪತ್ರವೊಂದನ್ನು ಪ್ರಸ್ತುತ ಲೇಖನದ ಪಠ್ಯವಾಗಿ ಎತ್ತಿಕೊಂಡಿದ್ದೇನೆ. ಆ ಪತ್ರ ಯಶಸ್ವಿಯಾಯಿತು, ನನಗೆ ಪ್ರವೇಶ ದೊರೆಯಿತು. ಅದನ್ನು ಅನುಮಾನದಿಂದ ಓದಬೇಕೆನ್ನಿಸುವುದು ಆ ಯಶಸ್ಸಿನಿಂದಲೇ.

ಪತ್ರ ಇಂಗ್ಲಿಷಿನಲ್ಲಿದೆ. ಮೊದಲ ಕಂಡಿಕೆಯಲ್ಲಿ ಬರಪೀಡಿತ ಸೀಮೆಯೊಂದು ಬರುತ್ತದೆ, ಎರಡನೆಯದರಲ್ಲಿ ಕನ್ನಡದ ಮನೆ ಮತ್ತು ತೆಲುಗಿನ ಬೀದಿ, ಮೂರನೆಯದರಲ್ಲಿ ಇಂಗ್ಲಿಷಿನ ಮೂಲಕ ದೊರೆತ ಬಿಡುಗಡೆ. ಇದರಲ್ಲಿ ಸುಳ್ಳೆಂಬುದು ಒಂದೂ ಇಲ್ಲ. ದೋಷವಿರುವುದು ವಾಕ್ಯರಚನೆಯಲ್ಲಿ. ಕನ್ನಡ, ತೆಲುಗುಗಳೆರಡೂ ಉದ್ದಕ್ಕೂ ‘ಆದರೂ’ ಎಂಬ ಅಧೀನವಾಕ್ಯದೊಳಗೇ ಕುಳಿತಿವೆ: ಇಂಥ ಮನೆಮಾತಿದ್ದರೂ, ಇಂಥ ಶಾಲೆಯಲ್ಲಿ ಓದಿದರೂ, ಅಭ್ಯರ್ಥಿ ಇಷ್ಟನ್ನು ಸಾಧಿಸಿದ್ದಾನೆ. ಮುಖ್ಯವಾಕ್ಯದ ಕ್ರಿಯೆಗಳೆಲ್ಲ ಇಂಗ್ಲಿಷಿಗೆ ಸಲ್ಲುತ್ತವೆ. ಎರಡು ಭಾಷೆಗಳು ದಾಟಬೇಕಾದ ಅಡ್ಡಿಗಳಾಗಿ ಬಂದಿವೆಯೇ ಹೊರತು ಅರಿವಿನ ಮೂಲಗಳಾಗಿ ಬಂದಿಲ್ಲ.

ಪತ್ರ ಏನನ್ನು ಹೇಳದೆ ಬಿಟ್ಟಿದೆ ಎಂಬುದು ಇನ್ನೂ ಮುಖ್ಯ. ಶೇಂಗಾ ಮಾರುವಾಗ ತೆಲುಗಿನಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಅದರ ಲೆಕ್ಕವನ್ನು ಕನ್ನಡದಲ್ಲಿ ಒಪ್ಪಿಸುವ ಹಿರಿಯರ ನಡುವೆ ನಾನು ಬೆಳೆದೆ. ಒಂದೇ ಕಥೆಯನ್ನು ಅಜ್ಜಿ ಕನ್ನಡದಲ್ಲಿಯೂ ಪಕ್ಕದ ಮನೆಯವರು ತೆಲುಗಿನಲ್ಲಿಯೂ ಹೇಳಿದಾಗ ಅದು ಒಂದೇ ಕಥೆಯೇ ಎಂಬ ಪ್ರಶ್ನೆ ನನಗೆ ಎದುರಾದದ್ದು ಗ್ರಂಥಾಲಯದಲ್ಲಲ್ಲ, ಜಗಲಿಯ ಮೇಲೆ. ತೌಲನಿಕ ಸಾಹಿತ್ಯದ ಮೂಲಪ್ರಶ್ನೆಯೂ ಅದೇ. ಅದನ್ನೇ ಅಧ್ಯಯನ ಮಾಡಬಯಸಿದವನು ಅರ್ಜಿಯಲ್ಲಿ ಅದರ ಬದಲು ಬರಗಾಲವನ್ನು ಬರೆದ. ಓದುಗ ಕೇಳಬಯಸುವ ಕಥೆ ಅದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರಕಾರವೇ ಹೇಳಿಕೊಟ್ಟಿತ್ತು.

ಕನ್ನಡದ ಆತ್ಮಕಥನಗಳಲ್ಲಿ ಪ್ರವೇಶದ ಪ್ರಸಂಗ ಬೇರೆ ಬಗೆಯದು. ಕುವೆಂಪು ‘ನೆನಪಿನ ದೋಣಿಯಲ್ಲಿ’ ನೆನೆಯುವಂತೆ, ತತ್ತ್ವಶಾಸ್ತ್ರದತ್ತ ಒಲವಿದ್ದ ಅವರನ್ನು ಕನ್ನಡ ಎಂ.ಎ. ತರಗತಿಯತ್ತ ತಿರುಗಿಸಿದವರು ತಳುಕಿನ ವೆಂಕಣ್ಣಯ್ಯನವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಆರಂಭವಾದ ಆ ತರಗತಿಯ ಇತಿಹಾಸದಲ್ಲಿ ನಮಗೆ ನೆನಪಿರುವುದು ಅರ್ಜಿಯಲ್ಲ, ಗುರುವಿನ ಮಾತು. ಅದೇ ಮಹಾರಾಜ ಕಾಲೇಜಿನಲ್ಲಿ ಆಗ ತೆಲುಗು ಕಲಿಸುತ್ತಿದ್ದವರು ನಮ್ಮ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು. ತಮಿಳು ಮನೆಮಾತಿನ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ಡಾಕ್ಟರೇಟ್ ಪಡೆದದ್ದು ಕನ್ನಡದ ವ್ಯಾಕರಣವನ್ನು ಕುರಿತು. ಇವರಾರ ವಿಷಯದಲ್ಲಿಯೂ ಎರಡನೆಯ ಭಾಷೆ ಅಡ್ಡಿಯೆನಿಸಲಿಲ್ಲ. ಅದು ಅವರ ಅರ್ಹತೆಯೇ ಆಗಿತ್ತು.

ಹಾಗೆಂದು ಗುರುವಾಕ್ಯದ ಕಾಲವನ್ನು ಹಂಬಲಿಸುವುದು ಸಲ್ಲದು. ಗುರುವಿನ ಕಣ್ಣಿಗೆ ಬಿದ್ದವರಿಗೆ ಮಾತ್ರ ಅವರ ಮಾತು ದೊರೆಯುತ್ತಿತ್ತು. ಆ ಕಣ್ಣಳತೆಯೊಳಗೆ ಯಾವ ಜಾತಿ, ಯಾವ ಊರು, ಯಾವ ಲಿಂಗದವರು ಇದ್ದರೆಂಬುದು ಗುಟ್ಟೇನಲ್ಲ. ಮುದ್ರಿತ ಅರ್ಜಿ ಎಲ್ಲರ ಮುಂದೆಯೂ ಒಂದೇ ಬಗೆಯ ಖಾಲಿ ಅಂಕಣವನ್ನು ಇಡುತ್ತದೆ. ಬೆಳುಗುಪ್ಪದಿಂದ ಬಂದ, ಯಾರ ಪರಿಚಯವೂ ಇಲ್ಲದ ನನ್ನಂಥವನು ಒಳಗೆ ಬಂದದ್ದು ಅದರಿಂದಲೇ. ನನ್ನ ಆಕ್ಷೇಪ ಅರ್ಜಿಯ ಸಮಾನತೆಯ ಆಶ್ವಾಸನೆಯ ಮೇಲಲ್ಲ, ಆ ಆಶ್ವಾಸನೆಯನ್ನು ಅದು ಪೂರ್ತಿ ಪಾಲಿಸುವುದಿಲ್ಲ ಎಂಬುದರ ಮೇಲೆ.

ಅಂಕಣಗಳನ್ನೇ ನೋಡೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಇಂದು ಬಳ್ಳಾರಿಯ ವಿದ್ಯಾರ್ಥಿನಿಗೆ ಸಂವಿಧಾನದ 371ಜೆ ವಿಧಿಯ ಮೀಸಲು ದೊರೆಯುತ್ತದೆ. ಸುಮಾರು 50 ಕಿಲೋಮೀಟರ್ ದೂರದ ರಾಯದುರ್ಗದವಳಿಗೆ ಅದು ಇಲ್ಲ. ಆಂಧ್ರದಲ್ಲಿ 1974ರ ರಾಷ್ಟ್ರಪತಿ ಆದೇಶದಂತೆ ಶೇ. 85 ಸ್ಥಾನಗಳು ‘ಸ್ಥಳೀಯ ಅಭ್ಯರ್ಥಿ’ಗಳಿಗೆ ಮೀಸಲು. ಅದರ ಮೊದಲ ಅಳತೆಗೋಲು, ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷಗಳ ನಿರಂತರ ಸ್ಥಳೀಯ ಓದು. ಕನ್ನಡಕ್ಕಾಗಿ ಬಳ್ಳಾರಿಗೆ ಹೋಗಿ ಪದವಿ ಪಡೆದವಳಿಗೆ ಆ ಅಳತೆ ಒದಗದು. ಇನ್ನು ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ‘ಗಡಿನಾಡು ಕನ್ನಡಿಗ’ ಎಂಬ ವರ್ಗವಿದೆ. ಅಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜಗಳಿವೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳಿವೆ. ರಾಯದುರ್ಗ, ಮಡಕಶಿರಗಳ ಹೆಸರಿಲ್ಲ. ಗಡಿಯೆಂದರೆ ವಿವಾದವಿರುವ ಗಡಿ ಮಾತ್ರ ಎಂಬ ತಿಳಿವಳಿಕೆ ಆ ಪಟ್ಟಿಯ ಹಿಂದಿದೆ. ಜಗಳವಾಡದೆ ಎರಡು ಭಾಷೆಗಳಲ್ಲಿ ಬಾಳಿದ ಸೀಮೆಗೆ ವರ್ಗವೇ ಇಲ್ಲದಂತಾಯಿತು.

ಇವು ಆಡಳಿತದ ವಿಷಯಗಳು, ಇವುಗಳಿಗೂ ಉದ್ದೇಶಪತ್ರದ ಶೈಲಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾದದ್ದು. ಅಂಕಣದಲ್ಲಿ ಜಾಗ ಸಿಗದ ಬದುಕು ಗದ್ಯದಲ್ಲಿ ಜಾಗ ಹುಡುಕುತ್ತದೆ. ಅಲ್ಲಿ ಅದಕ್ಕೆ ಸಿದ್ಧವಾಗಿ ದೊರೆಯುವ ಏಕೈಕ ರೂಪ ಸಂಕಷ್ಟದ ಕಥೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ ಕೊಟ್ಟಿದೆ. ಅಭ್ಯರ್ಥಿ ತನ್ನ ಪ್ರಶ್ನೆಯನ್ನು ತಾನೇ ಮಂಡಿಸಲು ಅವಕಾಶವಿರುವುದು ಆ ಮೂವತ್ತರಲ್ಲಿ. ಅಲ್ಲಿಯೂ ಅವಳು ತನ್ನ ಭಾಷೆಗಳಿಗಾಗಿ ಕ್ಷಮೆ ಕೇಳುವ ಧಾಟಿಯಲ್ಲೇ ಮಾತನಾಡಿದರೆ ನಷ್ಟ ಅವಳೊಬ್ಬಳದಲ್ಲ. ಆ ಸೀಮೆಯ ದ್ವಿಭಾಷಿಕ ಅನುಭವದಿಂದ ಹುಟ್ಟಬಹುದಾಗಿದ್ದ ಸಂಶೋಧನೆಯೂ ಆರಂಭದಲ್ಲೇ ಕೈತಪ್ಪುತ್ತದೆ.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಪ್ರವೇಶ ಸಮಿತಿಗಳಲ್ಲಿ ಕುಳಿತವರು, ಕುಳಿತುಕೊಳ್ಳಲಿರುವವರು. ಅವರಲ್ಲಿ ಎರಡು ಅರಿಕೆಗಳಿವೆ. ಭಾಷೆ, ಸಾಹಿತ್ಯ, ಇತಿಹಾಸಗಳ ವಿಭಾಗಗಳಲ್ಲಿ ಸಂಶೋಧನ ಪ್ರಸ್ತಾವದ ಒಂದು ಪುಟವನ್ನಾದರೂ ಅಭ್ಯರ್ಥಿ ತಾನು ಅಧ್ಯಯನ ಮಾಡಲಿರುವ ಭಾಷೆಯಲ್ಲಿ ಬರೆಯಲು ಅವಕಾಶವಿರಲಿ. ಓದಬಲ್ಲವರು ನಮ್ಮ ನಡುವೆ ಇದ್ದೇ ಇದ್ದಾರೆ. ಎರಡನೆಯದಾಗಿ, ಸಂದರ್ಶನದಲ್ಲಿ ಅಭ್ಯರ್ಥಿಯ ಕಷ್ಟಗಳನ್ನು ಕೇಳುವ ಮೊದಲು ಅವಳಿಗೆ ಗೊತ್ತಿರುವುದನ್ನು ಕೇಳೋಣ. ಮನೆಯಲ್ಲಿ ಯಾವ ಭಾಷೆ ಎಂಬ ಪ್ರಶ್ನೆಯ ಮುಂದೆ, ಯಾವ ಮಾತಿಗೆ ಯಾವ ಭಾಷೆ ಎಂಬ ಇನ್ನೊಂದು ಪ್ರಶ್ನೆ ಸೇರಿದರೆ ಸಾಕು, ಉತ್ತರದ ಧಾಟಿಯೇ ಬದಲಾಗುತ್ತದೆ.

ಈಚೆಗೆ ನಮ್ಮ ಸೀಮೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಉದ್ದೇಶಪತ್ರದ ಕರಡನ್ನು ತೋರಿಸಿದಳು. ಮೊದಲ ಕಂಡಿಕೆಯಲ್ಲಿ ಬರಗಾಲವಿತ್ತು. ನಾನು ಅದನ್ನು ಹೊಡೆದುಹಾಕಲಿಲ್ಲ, ಬರಗಾಲವೂ ನಿಜವೇ. ಅದನ್ನು ಮೂರನೆಯ ಕಂಡಿಕೆಗೆ ಸರಿಸಿ, ಅವಳ ಅಜ್ಜಿ ಎರಡು ಭಾಷೆಗಳಲ್ಲಿ ಹೇಳುವ ಕಥೆಯನ್ನು ಮೊದಲಿಗೆ ತರಲು ಹೇಳಿದೆ. ಅದನ್ನೆಲ್ಲ ಬರೆಯಬಹುದೇ ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೊಬ್ಬನೇ ಅಲ್ಲ.