ಲೈಮ್‌ಲೈಟ್: ಖಾಲಿ ಕುರ್ಚಿಗಳ ಮುಂದೆ ಚಾಪ್ಲಿನ್

ಚಾಪ್ಲಿನ್‌ನ ‘ಲೈಮ್‌ಲೈಟ್’ (1952) ಚಿತ್ರದಲ್ಲಿ ನನ್ನನ್ನು ಬಹಳ ಕಾಡುವುದು ಒಂದು ಕನಸು. ಮುದಿ ವಿದೂಷಕ ಕ್ಯಾಲ್ವೆರೊ ಹುರುಪಿನಿಂದ ಆಟ ಮುಗಿಸಿ ಎದುರಿಗೆ ನೋಡುತ್ತಾನೆ; ರಂಗಮಂದಿರ ಖಾಲಿ. ಮುಖದ ಮೇಲಿನ ನಗೆ ಆರಿಹೋಗುತ್ತದೆ.

ಇದು ಬರೀ ಸ್ವಮರುಕದ ಚಿತ್ರ ಎನ್ನುವವರಿದ್ದಾರೆ. ಮಾತು ಹೆಚ್ಚಾಯಿತೆಂಬ ದೂರನ್ನು ನಾನೂ ಒಪ್ಪುತ್ತೇನೆ. ಬದುಕಿನ ಬಗ್ಗೆ ಕ್ಯಾಲ್ವೆರೊನ ಉಪದೇಶ ಕೆಲವೆಡೆ ಭಾರವಾಗುತ್ತದೆ. ಆದರೆ ಅವನ ಭಯ ಸುಳ್ಳಲ್ಲ. ಚಾಪ್ಲಿನ್‌ನ ತಂದೆ ಲಂಡನ್ನಿನ ಮ್ಯೂಸಿಕ್ ಹಾಲ್‌ಗಳ ಗಾಯಕ. ಕುಡಿತಕ್ಕೆ ಬಲಿಯಾಗಿ 1901ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಕುಡಿಯದೆ ನಗಿಸಲಾರೆ ಎಂದುಕೊಂಡ ಕ್ಯಾಲ್ವೆರೊನಲ್ಲಿ ನನಗೆ ಆ ತಂದೆಯ ನೆರಳು ಕಾಣುತ್ತದೆ. ಚಾಪ್ಲಿನ್‌ನ ಮೇಲೂ ಆಗ ಕಮ್ಯುನಿಸ್ಟನೆಂಬ ಗುಮಾನಿಯಿತ್ತು. ಚಿತ್ರದ ಪ್ರದರ್ಶನಕ್ಕೆಂದು ಅವನು ಲಂಡನ್ನಿಗೆ ಹಡಗು ಹತ್ತಿದ ಮೇಲೆ, ಅಮೆರಿಕಕ್ಕೆ ಮರಳುವ ಪರವಾನಗಿಯೇ ರದ್ದಾಯಿತು.

ಕೊನೆಯ ಆಟದಲ್ಲಿ ಉಪದೇಶವಿಲ್ಲ, ಮಾತೇ ಇಲ್ಲ. ಬಸ್ಟರ್ ಕೀಟನ್ ಪಿಯಾನೊ ಮುಂದೆ, ಚಾಪ್ಲಿನ್ ಕೈಯಲ್ಲಿ ಪಿಟೀಲು. ಕೀಟನ್‌ನ ಸ್ವರಲಿಪಿಯ ಹಾಳೆಗಳು ಜಾರುತ್ತಲೇ ಇರುತ್ತವೆ. ಚಾಪ್ಲಿನ್‌ನ ಕಾಲು ಪ್ಯಾಂಟಿನೊಳಗೇ ಗಿಡ್ಡವಾಗುತ್ತದೆ. ಮೂಕಿ ಚಿತ್ರಗಳ ಇಬ್ಬರು ಹಳಬರು ಹೀಗೆ ಮೈಯಿಂದಲೇ ನಗಿಸುವಾಗ ಚಿತ್ರ ತನ್ನೆಲ್ಲ ಭಾರ ಇಳಿಸಿಕೊಳ್ಳುತ್ತದೆ. ನಗೆಯ ನಡುವೆ ಕ್ಯಾಲ್ವೆರೊ ಡ್ರಮ್ಮಿನೊಳಗೆ ಬೀಳುತ್ತಾನೆ. ಅದೂ ಆಟವೆಂದುಕೊಂಡು ತುಂಬಿದ ಸಭೆ ಚಪ್ಪಾಳೆ ತಟ್ಟುತ್ತದೆ.