ನುವಾರ್ ಚಿತ್ರಗಳ ಜಮಾಖರ್ಚು

ಹಳೆಯ ಹಾಲಿವುಡ್ ಚಿತ್ರಗಳ ಹುಚ್ಚು ಹಿಡಿದವರಲ್ಲಿ ಫಿಲ್ಮ್ ನುವಾರ್ ಪಂಗಡದವರದು ಪ್ರತ್ಯೇಕ ಜಾತಿ. ಕಿಟಕಿಯ ಪಟ್ಟಿಗಳ ಸಂದಿಯಿಂದ ಗೋಡೆಗೆ ಬಿದ್ದ ಗೆರೆಗೆರೆ ನೆರಳು, ಮಳೆಗೆ ತೊಯ್ದು ಮಿನುಗುವ ರಸ್ತೆ, ಹುಬ್ಬಿನವರೆಗೆ ಬಾಗಿದ ಹ್ಯಾಟು, ಸಿಗರೇಟಿನ ಹೊಗೆ, ಗಂಡಸನ್ನು ಹಾಳು ಮಾಡಲೆಂದೇ ಹುಟ್ಟಿದಂತಿರುವ ಒಬ್ಬ ಚೆಲುವೆ: ಇಷ್ಟು ಸಿಕ್ಕಿದರೆ ಅವರಿಗೆ ರಾತ್ರಿ ಸಾರ್ಥಕ. ನಾನೂ ಆ ಜಾತಿಯವನೇ. ಆದರೆ ಈ ಚಿತ್ರಗಳ ಬಗ್ಗೆ ಬರುವ ಮೆಚ್ಚುಗೆಯ ಬರಹಗಳನ್ನು ಓದುತ್ತ ಹೋದಂತೆ ಒಂದು ತಕರಾರು ಬೆಳೆಯುತ್ತದೆ. ನೆರಳಿನ ವರ್ಣನೆ ಪುಟಗಟ್ಟಲೆ ಇರುತ್ತದೆ, ಆ ನೆರಳಿನಲ್ಲಿ ನಿಂತವರು ಏನು ಮಾತಾಡುತ್ತಿದ್ದಾರೆ ಎನ್ನುವುದು ಎಲ್ಲೂ ಇರುವುದಿಲ್ಲ. ಅವರು ಮಾತಾಡುವುದು ಬಹುಪಾಲು ದುಡ್ಡಿನ ವಿಷಯ. ಸಂಬಳ, ಕಂತು, ಬಾಡಿಗೆ, ವಿಮೆ, ಗಿರವಿ. ಅಮೆರಿಕದ ಮಧ್ಯಮವರ್ಗದ ಜೇಬಿನ ಸ್ಥಿತಿಯನ್ನು ಇಷ್ಟು ಬಿಚ್ಚಿ ಹೇಳಿದ ಬೇರೊಂದು ಪರಂಪರೆ ಆ ಕಾಲದ ಹಾಲಿವುಡ್ಡಿನಲ್ಲಿ ನನಗೆ ಕಂಡಿಲ್ಲ.

ಕಿವಿ ಹೀಗೆ ಮುಚ್ಚಿಹೋದದ್ದಕ್ಕೆ ಕಾರಣ ಈ ಪರಂಪರೆ ಹುಟ್ಟಿದ ರೀತಿಯಲ್ಲೇ ಇದೆ. ಇವನ್ನು ತೆಗೆದವರಿಗೆ ತಾವು ನುವಾರ್ ತೆಗೆಯುತ್ತಿದ್ದೇವೆಂದು ಗೊತ್ತೇ ಇರಲಿಲ್ಲ. ಅವರ ಪಾಲಿಗೆ ಅವು ಕ್ರೈಂ ಕತೆಗಳು, ಮೆಲೋಡ್ರಾಮಾಗಳು. ಹೆಸರಿಟ್ಟವರು ಪ್ರೇಕ್ಷಕರು, ಅದೂ ಫ್ರೆಂಚ್ ಪ್ರೇಕ್ಷಕರು. ಜರ್ಮನ್ನರ ಹಿಡಿತದಲ್ಲಿದ್ದಾಗ ಪ್ಯಾರಿಸ್ಸಿಗೆ ಬಾರದ ಅಮೆರಿಕನ್ ಚಿತ್ರಗಳು 1946ರ ಬೇಸಿಗೆಯಲ್ಲಿ ಒಟ್ಟಿಗೇ ಬಂದವು. ‘ದ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’, ‘ಲಾರಾ’, ‘ಮರ್ಡರ್, ಮೈ ಸ್ವೀಟ್’ ಇವನ್ನೆಲ್ಲ ಕೆಲವೇ ವಾರಗಳಲ್ಲಿ ನೋಡಿದ ವಿಮರ್ಶಕ ನೀನೋ ಫ್ರಾಂಕ್ ಆ ಹೆಸರನ್ನು ಬಳಸಿದ. 1955ರಲ್ಲಿ ಬೋರ್ದ್ ಮತ್ತು ಶೊಮೆತೋಂ ಇದರ ಮೇಲೆ ಮೊದಲ ಪುಸ್ತಕ ಬರೆದರು. ಅಮೆರಿಕನ್ನರು ಈ ಹೆಸರನ್ನು ತಮ್ಮದಾಗಿಸಿಕೊಂಡದ್ದು ತೀರ ತಡವಾಗಿ. 1972ರಲ್ಲಿ ಪಾಲ್ ಶ್ರೇಡರ್ ಬರೆದ ಪ್ರಬಂಧ ಅದಕ್ಕೆ ಬಲ ಕೊಟ್ಟಿತು. ಶ್ರೇಡರ್ ಪಟ್ಟು ಹಿಡಿದದ್ದು ಶೈಲಿಯ ಮೇಲೆ. ಅಲ್ಲಿಂದಾಚೆಗೆ ಅಭಿಮಾನಿಗಳಿಗೆ ಸಿಕ್ಕಿದ್ದು ಶೈಲಿಯ ಕನ್ನಡಕ, ಅದನ್ನು ಇವತ್ತಿನವರೆಗೂ ಯಾರೂ ತೆಗೆದಿಟ್ಟಿಲ್ಲ.

ಶೈಲಿಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಆಂಟನಿ ಮ್ಯಾನ್‌ನ ‘ಟಿ-ಮೆನ್’ (1947) ಚಿತ್ರಕ್ಕೆ ಜಾನ್ ಆಲ್ಟನ್ ಮಾಡಿದ ಬೆಳಕಿನ ಕೆಲಸ ನೋಡಿದವರು ಅದನ್ನು ಮರೆಯುವುದಿಲ್ಲ. ಆದರೆ ಆ ಕತ್ತಲೆಯಲ್ಲಿ ದರ್ಶನ ಎಷ್ಟೋ ಉಳಿತಾಯವೂ ಅಷ್ಟೇ. ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರ ಒಂದು ಚಿತ್ರದ ಸೆಟ್ಟುಗಳಿಗೆ ಹೊಸ ಸಾಮಗ್ರಿಯ ಖರ್ಚು 5,000 ಡಾಲರ್ ಮೀರಬಾರದೆಂದು ಕಟ್ಟು ಹಾಕಿತ್ತು. ಸಣ್ಣ ಸ್ಟುಡಿಯೋಗಳಿಗೆ ಅಷ್ಟೂ ಗತಿಯಿರಲಿಲ್ಲ. ಗೋಡೆ ಕಟ್ಟಲು ಹಣವಿಲ್ಲದಿದ್ದರೆ ಅಲ್ಲಿ ಕತ್ತಲೆ ತುಂಬಬಹುದು. ಬರ್ಲಿನ್, ವಿಯೆನ್ನಾಗಳಿಂದ ಹಿಟ್ಲರನಿಗೆ ಹೆದರಿ ಬಂದ ಚಿತ್ರಕರ್ಮಿಗಳಿಗೆ ಈ ವಿದ್ಯೆ ಮೊದಲೇ ಕರಗತವಾಗಿತ್ತು.

ಅದೇ ವಿದ್ಯೆ ಮುಂಬೈಗೂ ಬಂತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ‘ಬಾಜಿ’ (1951) ತೆಗೆದಾಗ ಮುಂದಿಟ್ಟುಕೊಂಡದ್ದು ರೀಟಾ ಹೇವರ್ತ್‌ಳ ‘ಗಿಲ್ಡಾ’ವನ್ನು. ಆ ಚಿತ್ರದಲ್ಲಿ ಸಹಾಯಕನಾಗಿದ್ದ ಮೈಸೂರಿನ ವಿ.ಕೆ. ಮೂರ್ತಿ ಮುಂದಿನ ‘ಜಾಲ್’ನಿಂದ ಗುರುದತ್ತರ ಕ್ಯಾಮೆರಾ ಹಿಡಿದರು. ಮೂರ್ತಿಯವರ ನೆರಳು-ಬೆಳಕಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಹೊಗಳಿಕೆ ಬಂದಿದೆ, ಅದು ನ್ಯಾಯವೇ. ‘ಬಾಜಿ’ಯ ನಾಯಕ ಕ್ಲಬ್ಬಿನ ಕೆಲಸಕ್ಕೆ ಕೊರಳೊಡ್ಡುವುದು ತಂಗಿಯ ಕ್ಷಯರೋಗಕ್ಕೆ ಔಷಧಿಯ ದುಡ್ಡಿಲ್ಲದೆ ಎನ್ನುವುದನ್ನು ಮಾತ್ರ ಯಾರೂ ನುವಾರ್ ಲಕ್ಷಣಗಳ ಪಟ್ಟಿಗೆ ಸೇರಿಸುವುದಿಲ್ಲ.

ಬಿಲ್ಲಿ ವೈಲ್ಡರ್‌ನ ‘ಡಬಲ್ ಇಂಡೆಮ್ನಿಟಿ’ಯನ್ನೇ (1944) ನೋಡಿ. ಜೇಮ್ಸ್ ಎಂ. ಕೇನ್‌ನ ಕತೆ, ರೇಮಂಡ್ ಚಾಂಡ್ಲರ್ ಜೊತೆ ಕೂತು ಬರೆದ ಚಿತ್ರಕತೆ. ನೆಫ್ ಎಂಬ ವಿಮಾ ಏಜೆಂಟ್ ಕಾರಿನ ಪಾಲಿಸಿ ನವೀಕರಿಸಲೆಂದು ಒಂದು ಮನೆಗೆ ಹೋಗುತ್ತಾನೆ. ಬಾಗಿಲು ತಟ್ಟುವ ಮೊದಲೇ ಆ ಮನೆಯ ಬೆಲೆ ಕಟ್ಟುತ್ತಾನೆ: ಸುಮಾರು 30,000 ಡಾಲರ್, ಅದೂ ಮಾಲೀಕ ಸಾಲ ತೀರಿಸಿದ್ದರೆ. ಆಮೇಲೆ ಬಾರ್ಬರಾ ಸ್ಟಾನ್ವಿಕ್ ಟವೆಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾಳೆ, ಅಭಿಮಾನಿಗಳ ಲೇಖನಗಳು ಅಲ್ಲಿಂದ ಶುರುವಾಗುತ್ತವೆ. ಗಂಡನನ್ನು ಕೊಂದು 50,000 ಡಾಲರ್ ವಿಮೆ ಪಡೆಯುವುದು ಅವಳ ಆಸೆ. ರೈಲಿನಲ್ಲಿ ಸತ್ತರೆ ಎರಡರಷ್ಟು ಬರುತ್ತದೆಂದು ಲೆಕ್ಕ ಹೇಳಿಕೊಡುವವನು ನೆಫ್. ರೈಲಿನಲ್ಲಿ ಸಾಯುವವರು ತೀರ ಕಡಿಮೆ, ಅದಕ್ಕೇ ಕಂಪನಿ ಆ ಆಮಿಷ ಒಡ್ಡಿರುತ್ತದೆ. ಆ ಗುಟ್ಟು ಒಳಗಿನವನಿಗೆ ಮಾತ್ರ ಗೊತ್ತು. ನೆಫ್‌ನ ಕಾಮದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಜೂಜುಕಟ್ಟೆಯಲ್ಲಿ ಚಕ್ರ ತಿರುಗಿಸುವ ನೌಕರನಿಗೆ ಬರುವಂಥ ಚಪಲ, ಅಂದರೆ ತಾನು ದಿನವೂ ಕಾಯುವ ಗಲ್ಲಾಪೆಟ್ಟಿಗೆಯನ್ನು ಒಮ್ಮೆ ತಾನೇ ಹೊಡೆಯಬೇಕೆಂಬ ಚಪಲ, ತನಗಿತ್ತೆಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ. ನನಗೆ ಅದು ಕಾಮಕ್ಕಿಂತ ನಂಬಲರ್ಹ ಕಾರಣ.

ಈ ಚಿತ್ರದ ನಿಜವಾದ ಪ್ರೇಮಕತೆ ನೆಫ್ ಮತ್ತು ಅವನ ಸಹೋದ್ಯೋಗಿ ಕೀಸ್‌ರದು. ಕ್ಲೇಮುಗಳ ಸುಳ್ಳು ಹಿಡಿಯುವ ಕೀಸ್ ಪಾತ್ರದಲ್ಲಿ ಎಡ್ವರ್ಡ್ ಜಿ. ರಾಬಿನ್ಸನ್ ಇಡೀ ಚಿತ್ರವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಡುತ್ತಾನೆ. ಗಂಡ ರೈಲಿನಿಂದ ಬಿದ್ದದ್ದು ಆತ್ಮಹತ್ಯೆ ಎಂದು ವಾದಿಸುವ ಮಾಲೀಕನಿಗೆ ಆತ್ಮಹತ್ಯೆಯ ಅಂಕಿಅಂಶಗಳನ್ನು ಬಗೆಬಗೆಯಾಗಿ ವಿಂಗಡಿಸಿ ಒಂದೇ ಉಸಿರಿಗೆ ಒಪ್ಪಿಸುವ ದೃಶ್ಯದಲ್ಲಿ ನೆರಳಿಲ್ಲ, ಹೊಗೆಯಿಲ್ಲ, ಹೆಣ್ಣಿಲ್ಲ. ಹಾಡುಹಗಲು, ಆಫೀಸು, ಮೂರು ಮಂದಿ. ಚಿತ್ರದ ಅತ್ಯಂತ ರೋಮಾಂಚಕ ಗಳಿಗೆ ಅದೇ. ಇನ್ನೊಂದು ದೃಶ್ಯದಲ್ಲಿ ಕೀಸ್ ನೆಫ್‌ಗೆ ತನ್ನ ಪಕ್ಕದ ಕುರ್ಚಿ ಕೊಡಲು ಬರುತ್ತಾನೆ, ಸಂಬಳ ಮಾತ್ರ 50 ಡಾಲರ್ ಕಡಿಮೆ. ಬುದ್ಧಿಗೆ ಕೆಲಸ ಕೊಡುವ ಹುದ್ದೆಗೆ ಸಂಬಳ ಕಡಿಮೆ, ಬಾಗಿಲು ಬಾಗಿಲಿಗೆ ಹೋಗಿ ನಾಲಿಗೆ ಮಾರುವ ಹುದ್ದೆಗೆ ಜಾಸ್ತಿ. ನೆಫ್ ಬೇಡವೆನ್ನುತ್ತಾನೆ. ಅವನ ಹಣೆಬರಹ ತೀರ್ಮಾನವಾದದ್ದು ಅಲ್ಲಿ ಎಂದು ನನಗನ್ನಿಸುತ್ತದೆ, ಮೆಟ್ಟಿಲ ಮೇಲಿನ ಸ್ಟಾನ್ವಿಕ್‌ಳ ಕಾಲಂದುಗೆಯಲ್ಲಿ ಅಲ್ಲ.

‘ಮಿಲ್ಡ್ರೆಡ್ ಪಿಯರ್ಸ್’ (1945) ನನ್ನ ವಾದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ. ಇದೂ ಕೇನ್‌ನ ಕಾದಂಬರಿ, ಆದರೆ ಅದರಲ್ಲಿ ಕೊಲೆಯೇ ಇಲ್ಲ. ಕೊಲೆಯನ್ನೂ ಪೊಲೀಸು ವಿಚಾರಣೆಯನ್ನೂ ಚಿತ್ರಕ್ಕಾಗಿ ಸೇರಿಸಿದರು. ಹಾಗಾಗಿ ಮೈಕೆಲ್ ಕರ್ಟೀಜ್‌ನ ಈ ಚಿತ್ರದಲ್ಲಿ ಎರಡು ಚಿತ್ರಗಳಿವೆ. ಆರಂಭ-ಅಂತ್ಯದಲ್ಲಿ ಗುಂಡು, ಕಡಲ ತೀರದ ಮನೆ, ಕಡುಕಪ್ಪು ನೆರಳು. ನಡುವೆ ಬಿಳಿ ಬೆಳಕಿನಲ್ಲಿ ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಮನೆಯಲ್ಲಿ ಕೇಕು ಪೈ ಸುಟ್ಟು ಮಾರಿ, ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿ, ಆಮೇಲೆ ತಾನೇ ಹೋಟೆಲು ತೆರೆಯುತ್ತಾಳೆ. ಮಗಳಿಗೆ ತಾಯಿಯ ದುಡಿಮೆಯೆಂದರೆ ಹೇಸಿಗೆ, ಆ ದುಡಿಮೆಯ ದುಡ್ಡೆಂದರೆ ಪ್ರಾಣ. ಜೋನ್ ಕ್ರಾಫರ್ಡ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರ ಇದು. ನುವಾರ್ ಅಭಿಮಾನಿಗಳು ಆರಂಭ-ಅಂತ್ಯದ ಹೊದಿಕೆಯನ್ನು ಮತ್ತೆ ಮತ್ತೆ ನೋಡುತ್ತಾರೆ. ತಾಯಿ ಅಡಗಿಸಿಟ್ಟ ಹೋಟೆಲಿನ ಸಮವಸ್ತ್ರವನ್ನು ಮಗಳು ಹುಡುಕಿ ತೆಗೆದು ಮನೆಗೆಲಸದವಳಿಗೆ ಉಡಿಸಿ ಅವಮಾನಿಸುವ ದೃಶ್ಯದಷ್ಟು ಕ್ರೂರವಾದದ್ದು ಆ ಹೊದಿಕೆಯಲ್ಲಿ ಯಾವುದೂ ಇಲ್ಲ.

ಬಡ ಸ್ಟುಡಿಯೋಗಳ ಕಡೆ ಹೋದರೆ ಎಡ್ಗರ್ ಉಲ್ಮರ್‌ನ ‘ಡಿಟೂರ್’ (1945) ಸಿಗುತ್ತದೆ. ಒಂದು ಗಂಟೆ ಚಿಲ್ಲರೆ ನಿಮಿಷದ ಚಿತ್ರ. ಕಾಪಿರೈಟ್ ಇಲ್ಲದ್ದರಿಂದ ಯೂಟ್ಯೂಬಿನಲ್ಲಿ ಯಾರು ಬೇಕಾದರೂ ನೋಡಬಹುದು. ಕ್ಲಬ್ಬಿನಲ್ಲಿ ಪಿಯಾನೋ ನುಡಿಸುವವನಿಗೆ ಗಿರಾಕಿಯೊಬ್ಬ ಹತ್ತು ಡಾಲರ್ ಕೊಡುತ್ತಾನೆ, ಅವನಿಗೆ ಆ ನೋಟು ರೋಗಾಣು ಹರಿದಾಡುವ ಕಾಗದದ ಚೂರಾಗಿ ಕಾಣುತ್ತದೆ. ಪ್ರೇಯಸಿಯನ್ನು ಸೇರಲು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೋಗಬೇಕು, ಟಿಕೆಟ್ಟಿಗೆ ಕಾಸಿಲ್ಲ, ರಸ್ತೆ ಬದಿ ಹೆಬ್ಬೆರಳು ಎತ್ತಿ ನಿಲ್ಲುತ್ತಾನೆ. ಮುಂದಿನ ಅನಾಹುತವೆಲ್ಲ ಆ ಟಿಕೆಟ್ಟಿನಿಂದ. ಇಲ್ಲೊಂದು ತಮಾಷೆಯಿದೆ. ನಾಯಕ ಪಶ್ಚಿಮಕ್ಕೆ ಹೋಗುತ್ತಿರುವಂತೆ ಕಾಣಿಸಲು ಕೆಲವು ಶಾಟುಗಳ ನೆಗೆಟಿವನ್ನು ತಿರುವಿ ಹಾಕಿದ್ದಾರೆ, ಕಾರಿನ ಸ್ಟೀರಿಂಗ್ ಬಲಗಡೆ ಬಂದುಬಿಟ್ಟಿದೆ. ಅಮೆರಿಕನ್ ಅಭಿಮಾನಿಗಳು ಇದನ್ನು ಕಂಡು ನಗುತ್ತಾರೆ, ದುಃಸ್ವಪ್ನದ ತರ್ಕ ಎಂದು ಸಮರ್ಥಿಸುವವರೂ ಉಂಟು. ನಮ್ಮೂರಿನ ಪ್ರೇಕ್ಷಕನಿಗೆ ಅದು ಸರಿಯಾಗಿರುವ ಏಕೈಕ ಕಾರು.

ಇನ್ನು ವಿಧಿಯ ಮಾತು. ಈ ಚಿತ್ರಗಳ ನಾಯಕ ಮೊದಲೇ ಸೋತವನು, ಕತೆ ಹಿಂದಿನಿಂದ ಶುರುವಾಗುತ್ತದೆ, ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂದು ಅಸ್ತಿತ್ವವಾದದ ಮಾತಾಡುವವರಿದ್ದಾರೆ. ನನ್ನ ಪ್ರಕಾರ ಆ ವಿಧಿಗೆ ಜೋಸೆಫ್ ಬ್ರೀನ್ ಎಂಬ ಹೆಸರಿದೆ. 1934ರಿಂದ ಹಾಲಿವುಡ್ಡಿನ ನೀತಿಸಂಹಿತೆಯನ್ನು ಜಾರಿ ಮಾಡುತ್ತಿದ್ದ ಕಚೇರಿ ಇವನದು. ಅಪರಾಧಿಗೆ ಶಿಕ್ಷೆಯಾಗಲೇಬೇಕು ಎಂಬ ನಿಯಮವಿದ್ದಾಗ, ಸಿಕ್ಕಿಬೀಳುವನೋ ಇಲ್ಲವೋ ಎಂಬ ಕುತೂಹಲವನ್ನು ಕೊನೆವರೆಗೆ ಎಳೆಯುವುದರಲ್ಲಿ ಅರ್ಥವಿಲ್ಲ. ಜಾಣ ಬರಹಗಾರರು ಶಿಕ್ಷೆಯನ್ನು ಮೊದಲ ದೃಶ್ಯಕ್ಕೇ ತಂದಿಟ್ಟು ಕೈತೊಳೆದುಕೊಂಡರು. ಅಡ್ಡಿಯಿಂದ ಕಲೆ ಹುಟ್ಟಿತು ನಿಜ, ಎಲ್ಲ ಸಲವೂ ಹುಟ್ಟಲಿಲ್ಲ. ‘ಡಿಟೂರ್’ನ ಕೊನೆಯಲ್ಲಿ ಪೊಲೀಸ್ ಕಾರು ಬಂದು ನಿಲ್ಲುವುದು ಈ ಕಚೇರಿಯ ಸಮಾಧಾನಕ್ಕೆ ಕಟ್ಟಿದ ಬಾಲ. ಫ್ರಿಟ್ಜ್ ಲ್ಯಾಂಗ್ ಒಬ್ಬ ಮಾತ್ರ ನಿಯಮದ ಹೆಗಲ ಮೇಲೆ ಕೈಹಾಕಿಕೊಂಡೇ ಅದಕ್ಕೆ ಮೋಸಮಾಡಿದ. ‘ಸ್ಕಾರ್ಲೆಟ್ ಸ್ಟ್ರೀಟ್’ನಲ್ಲಿ (1945) 25 ವರ್ಷದ ಸೇವೆಗೆ ಚಿನ್ನದ ಗಡಿಯಾರ ಉಡುಗೊರೆ ಪಡೆದ ಕ್ಯಾಷಿಯರ್ ಮಾಲೀಕನ ತಿಜೋರಿಗೆ ಕೈಹಾಕುತ್ತಾನೆ, ಕೊಲೆಯನ್ನೂ ಮಾಡುತ್ತಾನೆ, ಮರಣದಂಡನೆಗೆ ಗುರಿಯಾಗುವವನು ಬೇರೆಯವನು. ಅಪರಾಧಿಗೆ ಮನಸ್ಸಾಕ್ಷಿಯೇ ಶಿಕ್ಷೆ ಎಂದು ಬ್ರೀನ್ ಒಪ್ಪಿಕೊಂಡ. ನ್ಯೂಯಾರ್ಕ್ ರಾಜ್ಯದ ಸೆನ್ಸಾರಿನವರು ಒಪ್ಪಲಿಲ್ಲ, ಮೊದಲು ನಿಷೇಧಿಸಿಯೇಬಿಟ್ಟರು.

ದುಡ್ಡನ್ನು ಪಿಸುಮಾತಿನಿಂದ ಗಂಟಲೆತ್ತುವ ಮಾತಿಗೆ ತಂದವನು ಏಬ್ರಹಾಂ ಪೊಲೊನ್ಸ್ಕಿ. ‘ಫೋರ್ಸ್ ಆಫ್ ಈವಿಲ್’ (1948) ನಂಬರ್ ಕಟ್ಟುವ ಜೂಜಿನ ಕತೆ. ನಮ್ಮ ಓಸಿ, ಮಟ್ಕಾ ಗೊತ್ತಿದ್ದವರಿಗೆ ಇದರ ಒಂದೊಂದು ವಿವರವೂ ಪರಿಚಿತ. ಮುಂಬೈಯ ಮಟ್ಕಾ ಶುರುವಾದದ್ದೇ ನ್ಯೂಯಾರ್ಕಿನ ಹತ್ತಿ ಪೇಟೆಯ ದರಗಳ ಮೇಲೆ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರಂದು ಬಡವರೆಲ್ಲ ಮೂಢನಂಬಿಕೆಯಿಂದ 776ಕ್ಕೆ ಕಟ್ಟುತ್ತಾರೆ. ಅವತ್ತು ಅದೇ ನಂಬರ್ ಬರುವಂತೆ ಮಾಡಿ, ಸಣ್ಣ ಬುಕ್ಕಿಗಳನ್ನೆಲ್ಲ ದಿವಾಳಿ ಎಬ್ಬಿಸಿ, ದಂಧೆಯನ್ನು ಒಬ್ಬನ ಕೈಗೆ ಒಪ್ಪಿಸುವುದು ವಕೀಲನ ಹಂಚಿಕೆ. ಜಾನ್ ಗಾರ್ಫೀಲ್ಡ್ ಆ ವಕೀಲ, ಅವನ ಕಚೇರಿ ವಾಲ್ ಸ್ಟ್ರೀಟಿನಲ್ಲಿ. ಬ್ಯಾಂಕುಗಳ ವಿಲೀನವೂ ಇದೇ ತಾನೆ ಎಂದು ಚಿತ್ರ ಮುಚ್ಚುಮರೆಯಿಲ್ಲದೆ ಕೇಳುತ್ತದೆ. 1951ರಲ್ಲಿ ಪೊಲೊನ್ಸ್ಕಿ, ಕಮ್ಯುನಿಸ್ಟರೆಂದು ಹಾಲಿವುಡ್ ಕೆಲಸದಿಂದ ಹೊರಗಿಟ್ಟವರ ಕಪ್ಪುಪಟ್ಟಿಗೆ ಸೇರಿದ. ಅವನ ನಿರ್ದೇಶನದ ಮುಂದಿನ ಚಿತ್ರ ಬಂದದ್ದು 1969ರಲ್ಲಿ.

ಈ ಪರಂಪರೆಯಲ್ಲಿ ಜೊಳ್ಳು ಬಹಳ. ಮನೋವೈದ್ಯರು ಬಂದು ಎಲ್ಲವನ್ನೂ ವಿವರಿಸುವ ಚಿತ್ರಗಳನ್ನು, ಪೊಲೀಸ್ ಇಲಾಖೆಯನ್ನು ಹೊಗಳುವ ನಿರೂಪಕನ ಚಿತ್ರಗಳನ್ನು ನಾನು ಎರಡನೇ ಸಲ ನೋಡಲಾರೆ. ಖಾಸಗಿ ಪತ್ತೇದಾರರ ಚಿತ್ರಗಳಲ್ಲಿ ಮಾತಿನ ವರಸೆ ಚೆಂದ. ‘ದ ಬಿಗ್ ಸ್ಲೀಪ್’ ಎಷ್ಟು ಸಲ ನೋಡಿದರೂ ಬೊಗಾರ್ಟ್-ಬಕಾಲ್ ಜೋಡಿ ಹಳಸುವುದಿಲ್ಲ. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿ ನನಗೆ ಸಿಗಲಿಲ್ಲ.

ಹೆಂಗಸರ ವಿಷಯದಲ್ಲಿ ಈ ಚಿತ್ರಗಳು ಮಾಡಿದ ಅನ್ಯಾಯವನ್ನು ಅಭಿಮಾನಿಗಳು ಇನ್ನಷ್ಟು ಹೆಚ್ಚಿಸಿದ್ದಾರೆ. ವಿಷಕನ್ಯೆ ಎಂಬ ಚೀಟಿ ಅಂಟಿಸಿದರೆ ಆಯಿತು, ಆಕೆಗೆ ಬ್ಯಾಂಕಿನ ಖಾತೆ ಇತ್ತೇ ಎಂದು ಕೇಳಬೇಕಾಗಿಲ್ಲ. ‘ಟೂ ಲೇಟ್ ಫಾರ್ ಟಿಯರ್ಸ್’ (1949) ಚಿತ್ರದ ಹೆಂಡತಿ, ತಪ್ಪಿ ತಮ್ಮ ಕಾರಿಗೆ ಬಿದ್ದ 60,000 ಡಾಲರ್ ಚೀಲವನ್ನು ಬಿಡಲೊಲ್ಲದೆ ಕೊಲೆಗಿಳಿಯುತ್ತಾಳೆ. ಸಿರಿವಂತರ ಮಧ್ಯೆ ಕೈ ಬಿಗಿಹಿಡಿದು ಬಾಳುವ ಮಧ್ಯಮವರ್ಗದ ಅವಮಾನವನ್ನು ಆಕೆಯೇ ವಿವರಿಸುತ್ತಾಳೆ. ಅದೇ ವರ್ಷ ಮ್ಯಾಕ್ಸ್ ಓಫುಲ್ಸ್ ತೆಗೆದ ‘ದ ರೆಕ್‌ಲೆಸ್ ಮೊಮೆಂಟ್’ ನನ್ನ ಮಟ್ಟಿಗೆ ಈ ಗುಂಪಿನ ಶಿಖರ. ಮಗಳ ಪತ್ರಗಳನ್ನಿಟ್ಟುಕೊಂಡು ಬೆದರಿಸುವವನಿಗೆ ಗೃಹಿಣಿಯೊಬ್ಬಳು 5,000 ಡಾಲರ್ ಹೊಂದಿಸಬೇಕು. ಗಂಡ ವಿದೇಶದಲ್ಲಿ. ಬ್ಯಾಂಕಿನಲ್ಲಿ ಆಗುವುದಿಲ್ಲ, ಸಾಲದ ಕಂಪನಿಯಲ್ಲಿ ಆಗುವುದಿಲ್ಲ, ಗಂಡನಿಲ್ಲದೆ ಅವಳ ಮಾತಿಗೆ ಬೆಲೆಯಿಲ್ಲ. ಕಡೆಗೆ ಒಡವೆ ಗಿರವಿಯಿಟ್ಟರೂ ಸಿಗುವುದು ಪುಡಿಗಾಸು. ಅವಳ ಕಷ್ಟವನ್ನು ಮೊದಲಿನಿಂದ ಗಮನಿಸಿ ಕೊನೆಗೆ ನೆರವಾಗುವವಳು ಮನೆಗೆಲಸದ ಸಿಬಿಲ್, ಕಪ್ಪು ಹೆಂಗಸು. ಆ ಪಾತ್ರ ಮಾಡಿದ ಫ್ರಾನ್ಸಿಸ್ ವಿಲಿಯಮ್ಸ್ ಹೆಸರು ಚಿತ್ರದ ಹೆಸರುಪಟ್ಟಿಯಲ್ಲಿಲ್ಲ. ‘ಮಿಲ್ಡ್ರೆಡ್ ಪಿಯರ್ಸ್’ನ ಕೆಲಸದವಳಾಗಿ ಬರುವ ಬಟರ್‌ಫ್ಲೈ ಮೆಕ್ವೀನ್ ಹೆಸರೂ ಇಲ್ಲ. ಎಲ್ಲರ ಸಂಬಳದ ಲೆಕ್ಕ ಇಟ್ಟ ಈ ಪರಂಪರೆ ಇವರಿಬ್ಬರ ಸಂಬಳ ಎಷ್ಟೆಂದು ಕೇಳಲಿಲ್ಲ.

ಕೇಳುವ ಚಿತ್ರ ಬರುವ ಹೊತ್ತಿಗೆ ನುವಾರ್‌ನ ಕಾಲ ಮುಗಿದಿತ್ತು. 1959ರ ‘ಆಡ್ಸ್ ಅಗೇನ್ಸ್ಟ್ ಟುಮಾರೋ’ವನ್ನು ನಿರ್ಮಿಸಿದ್ದು ಗಾಯಕ ಹ್ಯಾರಿ ಬೆಲಫಾಂಟೆಯ ಸ್ವಂತ ಕಂಪನಿ, ನಿರ್ದೇಶಕ ರಾಬರ್ಟ್ ವೈಸ್. ಕುದುರೆ ಜೂಜಿನ ಸಾಲಕ್ಕೆ ಸಿಕ್ಕ ಕಪ್ಪು ಹಾಡುಗಾರ, ಕೆಲಸವಿಲ್ಲದ ಜನಾಂಗದ್ವೇಷಿ ಬಿಳಿಯ, ವಜಾ ಆದ ಮಾಜಿ ಪೊಲೀಸ್ ಮೂವರೂ ಸೇರಿ ಸಣ್ಣ ಊರಿನ ಬ್ಯಾಂಕ್ ದೋಚಲು ಹೋಗುತ್ತಾರೆ. ಯೋಜನೆಯಲ್ಲಿ ಕುಂದಿಲ್ಲ, ಬಿಳಿಯನು ಕಪ್ಪು ಮನುಷ್ಯನ ಕೈಗೆ ಕಾರಿನ ಕೀಲಿ ಕೊಡಲು ಒಪ್ಪದ್ದರಿಂದ ಎಲ್ಲ ಮುರಿದುಬೀಳುತ್ತದೆ. ಚಿತ್ರಕತೆ ಪೊಲೊನ್ಸ್ಕಿಯದು. ಕಪ್ಪುಪಟ್ಟಿಯ ಭಯದಿಂದ ತೆರೆಯ ಮೇಲೆ ಹಾಕಿದ್ದು ಜಾನ್ ಒ. ಕಿಲೆನ್ಸ್ ಎಂಬ ಕಪ್ಪು ಕಾದಂಬರಿಕಾರನ ಹೆಸರನ್ನು. ಪೊಲೊನ್ಸ್ಕಿಯ ಹೆಸರು ಅಲ್ಲಿಗೆ ಬರಲು 1990ರ ದಶಕದವರೆಗೆ ಕಾಯಬೇಕಾಯಿತು.